ದಂಡೆಗೆ ತೇಲಿ ಬಂದ ಮೀನು

ಕೃಷ್ಣೆಯಲ್ಲಿ ಮುಳುಗು ಹಾಕಿ, ಆಚಮನ ಮಾಡಿ, ಸೂರ್ಯನಿಗೆ ಅರ್ಘ್ಯ ಕೊಟ್ಟ ಮೇಲೆಯೇ ನನ್ನ ದಿನ ಆರಂಭವಾಗುತ್ತಿತ್ತು. ಕಾಗವಾಡದ ಕಡೆಯ ನಮ್ಮೂರ ಘಟ್ಟದಲ್ಲಿ ನನಗಿಂತ ಮೊದಲೇ ನೀರಿಗಿಳಿದಿರುತ್ತಿದ್ದವಳು ಅಂಬಿಗರ ಮನೆಯ ಹಿರಿಯ ಹೆಂಗಸು. ನಾನು ಮೀನು ಮುಟ್ಟದ ಮನೆತನದವನು. ಆದರೂ ಮತ್ಸ್ಯವು ಬಲಕರವೆಂದು ವೈದ್ಯಗ್ರಂಥಗಳಲ್ಲಿ ಓದಿದ್ದೆ. ಅವಳ ಮನೆಯ ಮಕ್ಕಳ ಮೈಕಟ್ಟು ನೋಡಿ ನಂಬಿಯೂ ಇದ್ದೆ. ಹೊಳೆಯ ಸಣ್ಣ ಮೀನಿಗೆ ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸಿದ ಸಾರನ್ನು ಬಾಣಂತಿಗೆ ಕೊಟ್ಟರೆ ಎದೆಹಾಲು ಹೆಚ್ಚುತ್ತದೆಂಬುದು ಅವರ ಅನುಭವ. ಮನೆಯಲ್ಲಿ ಬಾಣಂತಿ ಇರುವಾಗ ದಂಡೆಗೆ ಬಂದ ಮೀನನ್ನು ತಿರುಗಿ ಹೊಳೆಗೆ ಬಿಡಬಾರದೆಂಬ ಕಟ್ಟೂ ಇತ್ತು. ಅದು ಹೊಳೆತಾಯಿ ಗಂಗವ್ವ ಕಳಿಸಿದ ತವರಿನ ಬುತ್ತಿ ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹರಿವು ನಿಂತು ಮಡುಗಳಷ್ಟೇ ಉಳಿದಿದ್ದವು. ಆ ಹಿರಿಯ ಹೆಂಗಸಿನ ಸೊಸೆ ಆಗಷ್ಟೇ ಹಡೆದಿದ್ದಳು. ಹಾಲು ಸಾಲದೆ ಕೂಸು ದಿನವಿಡೀ ಅಳುತ್ತಿತ್ತು. ಒಂದು ಮುಂಜಾನೆ ನೀರು ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲೋ ಯಾವುದೋ ಸಕ್ಕರೆ ಕಾರ್ಖಾನೆಯ ಹೊಲಸು ಬಿಟ್ಟಿದ್ದಾರೆಂದು ಜನ ಆಮೇಲೆ ಆಡಿಕೊಂಡರು. ಮೀನುಗಳು ಬಾಯಿ ತೆರೆದು ತೇಲುತ್ತಿದ್ದವು. ನಾತಕ್ಕೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಆಚಮನ ಮುಗಿಸಿದೆ. ಕಣ್ಣು ತೆರೆದಾಗ ಅವಳು ಬುಟ್ಟಿ ತುಂಬುತ್ತಿದ್ದಳು.

“ಇವು ಬ್ಯಾಡವ್ವಾ. ನೀರು ಕೆಟ್ಟದ,” ಎಂದೆ.

ಅವಳು ನಕ್ಕಳು. “ಮೀನ ತಿನ್ನಾವ್ರು ನೀವೋ ನಾವೋ? ನೋಡ್ರಿ ಆಚಾರ್ರ, ಕಿವಿರು ಕೆಂಪ ಐತಿ, ಇನ್ನಾ ಬಾಲಾ ಬಡ್ಯಾಕತ್ತೈತಿ. ಗಂಗವ್ವ ತಾನಾಗಿ ಕೊಟ್ಟಾಳ, ಒಲ್ಲೆ ಅನ್ನಾಕ ಬರತೈತೇನ್ರಿ?”

“ಬಾಣಂತಿ ಹೊಟ್ಟಿ ನಾಜೂಕ ಇರ್ತದ.”

“ಹಂಗಾರ ಇದ ನೀರ ಈಗ ನೀವು ಕುಡದ್ರಲ್ರಿ? ನಿಮ್ಮ ಹೊಟ್ಟಿ ಏನ ಕಬ್ಬಣದ್ದೇನು?”

ತೀರ್ಥವೆಂದು ಹೀರಿದ್ದನ್ನು ವಿಷವೆಂದು ಯಾವ ಬಾಯಿಂದ ಹೇಳಲಿ? ಅರ್ಘ್ಯ ಕೊಡಲು ಸೂರ್ಯನತ್ತ ತಿರುಗಿದೆ.

ಬುಟ್ಟಿ ಬಿಸಿಲಲ್ಲಿ ಕುಳಿತು, ಸಾರು ಒಲೆಯೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತಂತೆ. ಸಂಜೆಗೆ ಸೊಸೆಗೆ ವಾಂತಿ, ಭೇದಿ ಹತ್ತಿತು. ಮಿರಜಿನ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಹಾಲು ಪೂರ್ತಿ ಬತ್ತಿತು. ಡಾಕ್ಟರು ಹೇಳಿದ್ದನ್ನು ಸೊಸೆಯ ಗಂಡ ಬಂದು ನನಗೆ ತಿಳಿಸಿದ: “ಹೊಳಿ ಮೀನ ಬಾಣಂತಿಗೆ ಚಲೋನ ಅಂದ್ರರಿ. ಕೆಟ್ಟ ನೀರಾಗ ತೇಲಿದ್ದು, ಬಿಸಲಾಗ ಇಟ್ಟದ್ದು ತಿನಸಬಾರದಿತ್ತಂತ.”

ಕೂಸಿಗೆ ಆಡಿನ ಹಾಲು ಹಾಕಿದರು. ಒಗ್ಗಲಿಲ್ಲ. ಹೊಳೆಗೆ ಹೊಸ ನೀರು ಬರುವ ಮೊದಲೇ ಕೂಸನ್ನು ದಂಡೆಯ ಮೇಲೆ ಹೂತರು.

ಮಳೆಯಾಗಿ ಕೃಷ್ಣೆ ಕೆಂಪಗೆ ತುಂಬಿ ಬಂದಳು. ಅಂಬಿಗರ ಹೆಂಗಸು ಬಲೆ ಹಿಡಿದು ಮತ್ತೆ ಘಟ್ಟಕ್ಕಿಳಿದಳು. ಹೊಟ್ಟೆಪಾಡು ಬೇರೆ ಇರಲಿಲ್ಲ. ನಾನು ಅಂಗೈಯಲ್ಲಿ ನೀರು ತೆಗೆದುಕೊಂಡಾಗ ಅವಳ ಕೈ ನಿಂತಿತು.

“ಕುಡೀಬ್ಯಾಡ್ರಿ ಆಚಾರ್ರ,” ಎಂದಳು.

ಅಂದಿನಿಂದ ಹೊಳೆಗೆ ಹೋಗುವಾಗ ಆಚಮನಕ್ಕೆಂದು ಮನೆಯ ಬಾವಿಯ ನೀರನ್ನು ತಂಬಿಗೆಯಲ್ಲಿ ಒಯ್ಯುತ್ತಿದ್ದೇನೆ.