ತೊಟ್ಟಿಲಿಗೊಂದು ಸರ್ಕ್ಯೂಟು

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯ ವೈನಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗಿಂತ ತಾಮ್ರದ ಪದರವಿರುವ ಬೋರ್ಡಿಗೇ ಹೆಚ್ಚು ಬಳಸುತ್ತಿದ್ದರು. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಸರ್ಕ್ಯೂಟಿನ ನಕ್ಷೆಯನ್ನು ನುಣುಪು ಕಾಗದದ ಮೇಲೆ ತೆಗೆಸಿ, ತಾಮ್ರದ ಮೇಲೆ ಬೋರಲು ಹಾಕಿ, ಬಿಸಿ ಇಸ್ತ್ರಿಯಿಂದ ಒತ್ತುತ್ತಿದ್ದರು. ಆಮೇಲೆ ನೀರಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆದರೆ ಕಪ್ಪು ಗೆರೆಗಳು ತಾಮ್ರಕ್ಕೆ ಅಂಟಿ ಉಳಿಯಬೇಕು. ಒಂದು ಗೆರೆ ಹರಿದರೂ ಎಲ್ಲ ಅಳಿಸಿ, "ತಡೀರಿ, ಇನ್ನೊಮ್ಮೆ ಮಾಡೂಣು" ಎನ್ನುತ್ತಿದ್ದರು.

ಕಟಕೋಳದಲ್ಲಿದ್ದ ಅವರ ತಂಗಿಗೆ ಕಿವಿ ಕೇಳುತ್ತಿರಲಿಲ್ಲ. ಅವಳ ಕೂಸು ಅತ್ತಾಗಲೆಲ್ಲ ಅತ್ತೆಯೇ ಮೊದಲು ಓಡಿ ಎತ್ತಿಕೊಳ್ಳುತ್ತಿದ್ದರು.

"ಕೂಸು ಅತ್ತದ್ದು ಮನಿಮಂದಿಗೆಲ್ಲಾ ಗೊತ್ತಾದ ಮ್ಯಾಲ ತನಗ ಗೊತ್ತಾಗತೈತಿ ಅಂತ ಕಣ್ಣೀರ ಹಾಕತಾಳ್ರಿ" ಎಂದಿದ್ದರು ವೈನಿ. ಅದಕ್ಕೇ ಈ ಬೋರ್ಡು. ತೊಟ್ಟಿಲ ಬಳಿಯ ಮೈಕಿಗೆ ಅಳು ಕೇಳಿದರೆ ಅಡುಗೆಮನೆಯಲ್ಲಿ ದೀಪ ಹತ್ತಬೇಕು.

ಕೊನೆಗೊಮ್ಮೆ ಗೆರೆಗಳೆಲ್ಲ ನೆಟ್ಟಗೆ ಉಳಿದವು. ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ, ಬಿಡಿಭಾಗಗಳನ್ನು ಬೆಸೆದು, ನನ್ನನ್ನೂ ಕರೆದುಕೊಂಡು ಕಟಕೋಳಕ್ಕೆ ಹೊರಟರು.

ದೀಪ ಜೋಡಿಸಿ ಕಾದು ಕುಳಿತರೆ ಕೂಸು ಅಳಲೇ ಇಲ್ಲ. ನಾವು ಬಾಗಿ ನೋಡಿದಷ್ಟೂ ನಕ್ಕಿತು. "ಅಳೋ ನಮ್ಮಪ್ಪಾ, ಒಂದ ಸಲ ಅಳು" ಎಂದು ವೈನಿ ಬೇಡಿಕೊಂಡರು.

ಸಂಜೆ ತಂಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಅದು ಹಸಿದು ಚೀರಿತು. ಒಲೆಯ ಮೇಲಿನ ಗೋಡೆಯಲ್ಲಿ ದೀಪ ಹತ್ತಿತು. ಅಭ್ಯಾಸದಂತೆ ಅತ್ತೆ ಅರ್ಧ ಎದ್ದಿದ್ದರು. ಹಿಟ್ಟಿನ ಕೈಯಲ್ಲೇ ಓಡಿಬಂದ ಸೊಸೆಯನ್ನು ಕಂಡು ಮೆಲ್ಲಗೆ ಮತ್ತೆ ಕುಳಿತರು.