ಒಂದೂವರೆ ಪುಟ

ಮೊನ್ನೆ ಬಾಳಗಡಿಯ ಅಂಗಡಿಯೊಂದರಲ್ಲಿ ಮಗಳಿಗೆಂದು ಪೆನ್ಸಿಲ್ ಅಳಿಸುವ ರಬ್ಬರ್ ಕೊಂಡೆ. ಕವರು ಬಿಚ್ಚಿದ್ದೇ ತಡ, ಆ ಹಳೆಯ ಸಿಹಿ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು "ಮತ್ತೇನು ಬೇಕಿತ್ತು?" ಎಂದು ಎರಡು ಸಲ ಕೇಳಿದರಂತೆ. ನನಗೆ ಕೇಳಿಸಲಿಲ್ಲ...

ನರಸಿಂಹರಾಜಪುರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಅಂಥದೇ ರಬ್ಬರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಅವರದು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಕಲಿಸಿದ್ದು ಏಳನೇ ಕ್ಲಾಸಿನಲ್ಲಿದ್ದ ನಾನು.

"ಈಗ ಎಂತಕ್ಕೆ ಅಕ್ಕ ಓದು?" ಎಂದು ಒಮ್ಮೆ ಕೇಳಿದೆ.

"ಓದೋಕಲ್ಲ ಪುಟ್ಟಿ. ನಂಗೆ ಒಂದು ವಿಷಯ ಬರೀಬೇಕು. ಅದೊಂದೇ."

ಅವರಿಗೊಬ್ಬ ಮಗಳಿದ್ದಳು. ನಾನು ಹುಟ್ಟುವ ಮೊದಲೇ, ಆರು ವರ್ಷಕ್ಕೆ, ಜ್ವರ ಬಂದು ತೀರಿಹೋದಳು. ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆದೊಯ್ಯುವಾಗ ಅಮ್ಮನ ತೊಡೆಯ ಮೇಲೆ ಮಲಗಿದ್ದವಳು, ಬಾಳಗಡಿ ಬಂದಾಗ ಹಿಡಿದಿದ್ದ ಬೆರಳನ್ನು ಬಿಟ್ಟಳಂತೆ. ಆ ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಅಕ್ಕ ಬರೆಯಲು ಹೊರಟದ್ದು ಆ ದಾರಿಯನ್ನು.

ಕಾಗುಣಿತ ಬಂದ ಮೇಲೆ ಅವರು ನಿಲ್ಲಲಿಲ್ಲ. ಲೈಬ್ರರಿಯಿಂದ ನಾನು ತಂದುಕೊಟ್ಟ ಕತೆಗಳನ್ನೆಲ್ಲ ಬೆರಳಿಟ್ಟು ಓದಿದರು. ಪಾತ್ರೆ ತೊಳೆದಾದ ಮೇಲೆ ಏಳನೇ ಕ್ಲಾಸಿನ ಕಿಟಕಿಯ ಹೊರಗೆ ಕೂತು ಕನ್ನಡ ಪಾಠ ಕೇಳುತ್ತಿದ್ದರು. "ಕತೆ ಬರ್ದೋರು ಸಾವನ್ನ ಮೊದ್ಲೇ ಎಂತಕ್ಕೆ ಹೇಳಿದ್ರು? ಆಮೇಲೆ ಹೇಳಿದ್ರೆ ಏನಾಗ್ತಿತ್ತು?" ಎಂದು ನನ್ನನ್ನು ಕೇಳುವರು. ನಾಲ್ಕು ಸಾಲು ಬರೆದರೆ ಮೂರು ಸಾಲು ಅಳಿಸುವರು. ಉಜ್ಜಿ ಉಜ್ಜಿ ಕಾಗದ ತೂತು ಬೀಳುತ್ತಿತ್ತು.

ಒಂದು ಸಂಜೆ ಅವರ ನೋಟ್‌ಬುಕ್ಕಿನಲ್ಲಿ "ಮಗಳು ನೀರು ಕೇಳಿದಳು" ಎಂಬ ಸಾಲು ಓದಿ ನಾನು ಅತ್ತುಬಿಟ್ಟೆ. ಮಾರನೇ ದಿನ ನೋಡಿದರೆ ಅದು ಇರಲಿಲ್ಲ.

"ಅವ್ಳು ನೀರು ಕೇಳ್ಲೇ ಇಲ್ಲ ಮಾರಾಯ್ತಿ," ಅಂದರು ಅಕ್ಕ. "ಕತೇಲಿ ಸಾಯೋರೆಲ್ಲ ಕೇಳ್ತಾರಲ್ಲ, ಹಂಗಾಗಿ ಕೈ ತಾನೇ ಬರ್ದುಬಿಡ್ತು."

"ಮತ್ತೆ ಏನು ಕೇಳಿದ್ಲು?"

"ಏನೋ ಕೇಳಿದ್ಲು. ಅವ್ಳು ಹೇಳಿದ ಹಂಗೇ ಬರ್ಬೇಕು. ಇನ್ನೂ ಬರ್ತಾ ಇಲ್ಲ."

ನಾನು ಕೊಪ್ಪದಲ್ಲಿ ಕಾಲೇಜು ಮುಗಿಸಿ ಶಿವಮೊಗ್ಗದ ಒಂದು ಮಾಸಪತ್ರಿಕೆಗೆ ಸೇರಿದೆ. ಕೆಲವು ವರ್ಷಗಳ ನಂತರ ಒಂದು ಲಕೋಟೆ ಬಂತು. ಒಳಗೆ ಒಂದೂವರೆ ಪುಟ, ಈ ಸಲ ಪೆನ್ನಿನಲ್ಲಿ, ಒಂದು ಚಿತ್ತೂ ಇಲ್ಲದೆ. ಜೊತೆಗಿದ್ದ ಚೀಟಿಯಲ್ಲಿ "ಈಗ ಸರಿಯಾಗಿದೆ" ಎಂದಷ್ಟೇ ಇತ್ತು.

ಸಂಚಿಕೆ ಅಚ್ಚಿಗೆ ಹೋಗುವ ದಿನ ಅದು. ಜಾಗ ಖಾಲಿಯಿತ್ತು, ಅವಸರವಿತ್ತು. ಅದಕ್ಕಿಂತ ಹೆಚ್ಚಾಗಿ, ನನಗೆ ಬರೆಯುವುದು ಗೊತ್ತಿದೆ ಎಂಬ ಧೈರ್ಯವಿತ್ತು. ಅಕ್ಕನ ಮೋಟು ವಾಕ್ಯಗಳನ್ನು ಒಂದಕ್ಕೊಂದು ಸೇರಿಸಿದೆ. ಬೆರಳು ಬಿಟ್ಟಳು ಎಂದಿದ್ದಲ್ಲಿ ಚಿರನಿದ್ರೆಗೆ ಜಾರಿದಳು ಎಂದು ಟೈಪು ಮಾಡಿದೆ. ಮಗು ಕೊನೆಗೆ ಕೇಳಿದ ಮಾತು ತೀರಾ ಸಾಮಾನ್ಯವಾಗಿ ಕಂಡಿತು. ಅದನ್ನು ತೆಗೆದು, ನೀರು ಕೇಳಿದಳು ಎಂದು ಹಾಕಿದೆ. ನನ್ನನ್ನು ಅಳಿಸಿದ್ದ ಸಾಲಲ್ಲವೇ... ಓದುಗರಿಂದ ಮೆಚ್ಚುಗೆಯ ಪತ್ರಗಳೂ ಬಂದವು.

ಪತ್ರಿಕೆ ಹಿಡಿದುಕೊಂಡು ನಾನೇ ಶಾಲೆಗೆ ಹೋದೆ. ಅಕ್ಕ ಒದ್ದೆ ಕೈ ಒರೆಸಿಕೊಂಡು ಅಡುಗೆಕೋಣೆಯ ಹೊಸ್ತಿಲ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದರು. ಒಂದು ಕಡೆ ಬೆರಳು ನಿಂತಿತು.

"ಚಂದ ಇದೆ ಪುಟ್ಟಿ," ಅಂದರು. "ಯಾರ್ದೋ ಮಗೂದು ಓದಿದ ಹಂಗಾಯ್ತು." ಪತ್ರಿಕೆ ಮಡಚುತ್ತಾ, "ನಾನು ಬರ್ದಿದ್ದು ವಾಪಸ್ ಕೊಡ್ತೀಯಾ?"

"ಆಫೀಸಲ್ಲಿದೆ ಅಕ್ಕ, ಕಳಿಸ್ತೀನಿ," ಎಂದೆ. ಅದು ಆಗಲೇ ರದ್ದಿಗೆ ಹೋಗಿತ್ತು. ಆಮೇಲೆ ಎರಡು ಸಲ ಫೋನು ಮಾಡಿ ಕೇಳಿದರು. ಹುಡುಕ್ತಿದೀನಿ ಎಂದೆ. ಮೂರನೇ ಸಲ ಅವರು ಕೇಳಲಿಲ್ಲ. ನಾನೂ ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಹನ್ನೊಂದನೇ ದಿನಕ್ಕೆ ಹೋದಾಗ ಅವರ ಗಂಡನ ಹತ್ತಿರ ಹಳೆಯ ನೋಟ್‌ಬುಕ್ಕುಗಳನ್ನು ಕೇಳಿದೆ.

"ನಿಂಗೆ ಪೋಸ್ಟ್ ಮಾಡಿದ ದಿನವೇ ಎಲ್ಲಾ ಒಲೆಗೆ ಹಾಕಿದ್ಲು," ಅಂದರು. "ಸರಿಯಾಗಿದ್ದು ಒಂದಿದ್ರೆ ಸಾಕು ಅಂತ."

ಜೀಪಿನಲ್ಲಿ ಮಗು ಏನು ಕೇಳಿತ್ತು, ನಿಮಗಾದರೂ ಗೊತ್ತಾ ಎಂದೆ. ಅವರು ಅಂಗಳದ ಕಡೆ ನೋಡುತ್ತಾ, "ನಾನು ಮುಂದೆ ಡ್ರೈವರ್ ಪಕ್ಕ ಕೂತಿದ್ದೆ ಕಣಮ್ಮ. ಗಾಡಿ ಸದ್ದಿಗೆ ಎಂತದೂ ಕೇಳ್ಲಿಲ್ಲ," ಅಂದರು.

ನನ್ನ ಹೆಸರಿನಲ್ಲಿ ಈಗ ಎರಡು ಪುಸ್ತಕಗಳಿವೆ. ಜನ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಅಕ್ಕ ಅಷ್ಟು ವರ್ಷ ಕಾದು ಹಿಡಿದ ಆ ಒಂದು ಸಾಲಿನಂಥದು ಅವುಗಳಲ್ಲಿ ಇದೆಯೆಂದು ನನಗನಿಸುವುದಿಲ್ಲ. ಚಪ್ಪಲಿಯ ಬಗ್ಗೆ ಏನೋ ಇತ್ತು ಅದರಲ್ಲಿ... ಅಥವಾ ನಾಳೆಯ ಶಾಲೆಯ ಬಗ್ಗೆ... ಎಷ್ಟು ಕೂತು ಯೋಚಿಸಿದರೂ ಬರುವುದಿಲ್ಲ. ಆ ಮಗುವಿನ ಕೊನೆಯ ಮಾತನ್ನು ಓದಿದವರು ಲೋಕದಲ್ಲಿ ಇಬ್ಬರೇ, ಬರೆದ ಅಕ್ಕ ಮತ್ತು ನಾನು. ಅಕ್ಕ ಇಲ್ಲ. ನನಗೆ ನೆನಪಿಲ್ಲ.