ಅತ್ತೆ ಪಳಗಿಸಿದ ಚೂಡಿದಾರ

ಆ ಚೂಡಿದಾರಕ್ಕೆ ಸಾವಿರದ ನೂರು ಕೊಟ್ಟೆ. ಮೂಡಿಗೆರೆಯ ಅಂಗಡಿಯವರು ಹೇಳಿದ್ದು ಸಾವಿರದ ಆರುನೂರು. ಎರಡು ಸಲ ಮೆಟ್ಟಿಲಿಳಿದೆ, ಎರಡು ಸಲವೂ ಅವರೇ ಕರೆದರು. ಮೈಮೇಲಿನ ಬಟ್ಟೆಗೆ ನಾನು ಅದರ ಅರ್ಧ ಕೊಟ್ಟವಳೂ ಅಲ್ಲ. ಆದರೆ ಮಗಳು ಹುಟ್ಟಿದಾಗ ಬಿಟ್ಟಿದ್ದ ಕಾಫಿ ಖರೀದಿ ಆಫೀಸಿನ ಕೆಲಸಕ್ಕೆ ಎಂಟು ವರ್ಷದ ಮೇಲೆ ಮತ್ತೆ ಹೊರಟಿದ್ದೆ. "ಈ ಸೀಸನ್ ಬನ್ನಿ. ಬೆಳೆಗಾರರ ಎದುರು ನಿಂತು ವ್ಯಾಪಾರ ಮಾಡೋಕಾದ್ರೆ ಮುಂದುವರೀರಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೀವಿ" ಎಂದಿದ್ದರು ಮಾಲೀಕರು. ಬಾಗಿಲಲ್ಲಿ ಕಂಡ ಕೂಡಲೇ ಇವಳಿಗೆ ಕೆಲಸ ಗೊತ್ತು ಅನ್ನಿಸಬೇಕಿತ್ತು. ಅಷ್ಟು ದುಡ್ಡು ಹೋದದ್ದು ಅದಕ್ಕೆ.

ಮನೆಗೆ ತಂದು ಬಿಚ್ಚಿದ್ದೇ ತಡ, ಅತ್ತೆಯ ಹೆಬ್ಬೆರಳು ಬಂತು. ಗಿಡ್ಡ, ಅಗಲದ ಬೆರಳು; ಉಗುರಿನ ಸುತ್ತ ಕಾಫಿ ಹಣ್ಣಿನ ಕಪ್ಪು ಕಲೆ ಯಾವ ಸೋಪಿಗೂ ಜಗ್ಗದೆ ಕೂತಿತ್ತು. ಬಟ್ಟೆಯನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆಯ ಮೇಲೆ ಆ ಬೆರಳನ್ನು ಉದ್ದಕ್ಕೂ ಓಡಿಸಿದರು. ಅವರು ನನ್ನ ಗಂಡನ ತಾಯಿ. ಜಾವಳಿ ಕಡೆಯ ಎಸ್ಟೇಟಿನಲ್ಲಿ ತಲೆ ನೆರೆಯುವವರೆಗೂ ಹಣ್ಣು ಕೊಯ್ದವರು. ಸೀರೆಯ ಮೇಲೆ ಮಾವನ ತುಂಬುತೋಳಿನ ಹಳೇ ಅಂಗಿ, ತಲೆಗೊಂದು ವಸ್ತ್ರ, ಸೊಂಟಕ್ಕೆ ಚೀಲ: ಕೆಲಸಕ್ಕೆ ಹೋಗುವಾಗ ಅವರ ವೇಷ ಅದು. ಅಂಗಡಿಗೆ ಹೋದರೆ ಯಾವ ಬಟ್ಟೆಯನ್ನೂ ಮೊದಲು ಒಳಗಿನಿಂದಲೇ ನೋಡುವವರು. "ಅಮ್ಮಾ, ಹೊರಗಡೇನೂ ಚೂರು ನೋಡಿ, ಬಣ್ಣಕ್ಕೂ ದುಡ್ಡು ಕೊಟ್ಟಿದೀವಿ" ಎಂದು ಅಂಗಡಿಯವರು ನಗುತ್ತಿದ್ದರು.

"ಬಣ್ಣ ಚೆನ್ನಾಗಿದೆ," ಎಂದರು. "ನಾಳೆ ಇದನ್ನ ಹಾಕ್ಕೊಂಡು ಕಣದಲ್ಲಿ ಕಾಫಿ ಹರಡು."

"ಆಫೀಸಿಗೆ ತಂದಿದ್ದು ಅತ್ತೆ."

"ಗೊತ್ತು ಮಾರಾಯ್ತಿ. ಅದಕ್ಕೇ ಹೇಳಿದ್ದು."

ನನಗೆ ಸಿಟ್ಟು ಬಂತು. ಸೀರೆಯನ್ನೇ ಉಡಬೇಕೆಂದು ವಾರದಿಂದ ಹೇಳುತ್ತಿದ್ದರು. ಬಸ್ಸಿನ ನೂಕಾಟದಲ್ಲಿ ನೆರಿಗೆ ನಿಲ್ಲುವುದಿಲ್ಲವೆಂದು ನಾನು ಒಪ್ಪಿರಲಿಲ್ಲ. ಅದರ ಸೇಡು ಇದು ಎಂದುಕೊಂಡೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಚೂಡಿದಾರ ನನ್ನ ಇಷ್ಟ, ಅದನ್ನು ಪಳಗಿಸುವುದು ಅವರ ಇಷ್ಟ.

ಮರುದಿನ ಆ ಬಟ್ಟೆಯಲ್ಲೇ ಕಣಕ್ಕಿಳಿದೆ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ನೋಡಿದಳು. "ಏನೇ, ಕಣದಲ್ಲೇ ಮದ್ವೆ ಇಟ್ಕೊಂಡ್ರಾ?"

"ಮದ್ವೆ ಹಳೇದಾಯ್ತು," ಅತ್ತೆ ತಲೆಯೆತ್ತದೆ ಹೇಳಿದರು. "ಈಗ ಕೆಲ್ಸಕ್ಕೆ ಹೊರಟಿದಾಳೆ."

ಬಗ್ಗಿದಾಗಲೆಲ್ಲ ದುಪ್ಪಟ್ಟಾ ಕಾಫಿಯ ಮೇಲೆ ಬೀಳುತ್ತಿತ್ತು. ಅಟ್ಟದ ಮೇಲಿನ ಮೊರಕ್ಕೆ ಕೈ ಚಾಚಿದೆ. ಕಂಕುಳಲ್ಲಿ ಹೊಲಿಗೆ ಪರ್ರೆಂದಿತು. ಅತ್ತೆ ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಾ, "ಹಾಂ, ಇಲ್ಲೇ ಹರೀತಲ್ಲ, ಒಳ್ಳೇದೇ ಆಯ್ತು" ಎಂದರು.

ತೋಳು ಸಡಿಲಿಸಲು ಸೂಜಿ ಹಿಡಿದು ಕೂತಾಗ ತಮ್ಮ ಕಥೆ ಹೇಳಿದರು. ಮಗ ನಡೆಯುವಂತಾದ ಮೇಲೆ ಅವರೂ ಎಸ್ಟೇಟಿಗೆ ಮರಳಿದ್ದರು. ಹುರುಪಿನಲ್ಲಿ ಹೊಸ ಅಂಗಿ ಕೊಂಡು, ಗಂಜಿ ಹಾಕಿ, ಗರಿಗರಿಯಾಗಿ ತೊಟ್ಟು ಹೋದರಂತೆ. ಮೇಸ್ತ್ರಿ ಬೇರೆಯವನು ಬಂದಿದ್ದ. ಅಂಗಿ ನೋಡಿದವನೇ, ಕೆಲಸ ಬಾರದವರಿಗೆ ಕೊಡುವ ಇಳಿಜಾರಿನ ಕೊನೇ ಸಾಲಿಗೆ ಅವರನ್ನು ಕಳಿಸಿದ.

"ನೀವು ಹೇಳ್ಲಿಲ್ವಾ ಅತ್ತೆ, ಮೊದ್ಲೇ ಕೊಯ್ತಿದ್ದೆ ಅಂತ?"

"ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಮಧ್ಯಾಹ್ನಕ್ಕೆ ಚೀಲ ತುಂಬಿಸಿ ಅವನ ಕಾಲ ಹತ್ರ ಇಟ್ಟೆ. ಮಾರನೇ ದಿನದಿಂದ ನಿಮ್ಮ ಮಾವನ ಹಳೇ ಅಂಗಿ." ದಾರವನ್ನು ಹಲ್ಲಿನಲ್ಲಿ ಕಡಿದರು. "ಬಟ್ಟೆ ನಮ್ಮ ಮಾತು ಕೇಳ್ಬೇಕು ಕಣೇ. ಅದ್ರ ಮಾತು ನಾವು ಕೇಳ್ತಾ ಕೂತ್ರೆ ಕೆಲ್ಸ ಯಾವಾಗ ಮಾಡೋದು?"

ಬೀಳುವ ದುಪ್ಪಟ್ಟಾವನ್ನು ಕತ್ತರಿಸಿ ಆ ತುಂಡಿನಿಂದ ಚೂಡಿದಾರದ ಪಕ್ಕಕ್ಕೊಂದು ಆಳವಾದ ಜೇಬು ಹೊಲಿದರು. ಅದನ್ನು ಕತ್ತರಿಸುವಾಗ ಕೊಟ್ಟ ದುಡ್ಡನ್ನು ಮನಸ್ಸಲ್ಲೇ ಮತ್ತೆ ಎಣಿಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಒಗೆದರು, ಒಣಗಿಸಿದರು, ಮತ್ತೆ ತೊಡಿಸಿ ಮತ್ತೆ ಒಗೆದರು. ಕೆಲಸಕ್ಕೆ ಸೇರುವ ಹೊತ್ತಿಗೆ ಅಂಗಡಿಯ ಹೊಳಪು ಹೋಗಿ, ಬಟ್ಟೆ ನನ್ನ ಮೊಣಕೈ ಆಕಾರಕ್ಕೆ ಬಂದಿತ್ತು.

ಮೊದಲ ದಿನವೇ ಸಂಸೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಜೀಪಿನಲ್ಲಿ ಪಾರ್ಚ್‌ಮೆಂಟ್ ಚೀಲ ಇಳಿಸಿದರು. ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ ಅದು. ನನ್ನನ್ನು ದಾಟಿ ಒಳಗೆ ಇಣುಕಿದರು.

"ಸಾರ್ ಇಲ್ವಾ?"

"ಖರೀದಿ ನಾನೇ ನೋಡೋದು. ಕೂತ್ಕೊಳ್ಳಿ."

"ಹೊಸಬ್ರಾ?"

ಚೀಲದ ಬಾಯಿ ಬಿಚ್ಚಿದೆ. ಬಟ್ಟೆಯ ತೋಳು ಮೇಲಕ್ಕೆ ಮಡಚಿ ಅದರೊಳಗೆ ಭುಜದವರೆಗೂ ಕೈ ಇಳಿಸಿದೆ. ಮೇಲೆ ಒಣಗಿದ ಬೀಜ, ಅಡಿಯಲ್ಲಿ ತೇವದ್ದು. ಮುಚ್ಚಿ ಕೊಡುವ ಈ ಆಟ ನನಗೆ ಹಳೆಯದು. ಅಂಗಡಿಯಿಂದ ತಂದಾಗಿನ ತೋಳಾಗಿದ್ದರೆ ಮೊಣಕೈಗೇ ಹಿಡಿದು ನಿಲ್ಲುತ್ತಿತ್ತು. ತಳದ ಬೀಜ ಒಂದು ಹಿಡಿ ತೆಗೆದು ಅವರ ಅಂಗೈಗೆ ಹಾಕಿದೆ, ಇನ್ನೊಂದು ಹಿಡಿಯನ್ನು ಜೇಬಿಗಿಳಿಸಿದೆ. "ಇದಕ್ಕೆ ರೇಟ್ ಹೇಳ್ಲಾ, ಮೇಲಿಂದಕ್ಕೆ ಹೇಳ್ಲಾ?"

ಅವರು ಬೀಜ ನೋಡಿದರು, ಪುಡಿ ಮೆತ್ತಿದ ನನ್ನ ತೋಳು ನೋಡಿದರು. ನಕ್ಕು ಕುರ್ಚಿ ಎಳೆದುಕೊಂಡರು. "ನೀವು ಹೊಸಬ್ರಲ್ಲ ಬಿಡಿ. ಮಾತಾಡಣ."

ಸೀಸನ್ ಮುಗಿಯಿತು, ನಾನು ಉಳಿದೆ. ಆ ಮೊದಲ ದಿನ ಸಂಜೆ ಜೇಬಿನಿಂದ ಬೀಜ ಸುರಿದು ತೋರಿಸಿದಾಗ ಅತ್ತೆ ಕೇಳಿದ್ದು ಒಂದೇ: "ಜೇಬು ಹರೀಲಿಲ್ಲ ತಾನೆ?"

ಅವರು ತೀರಿಕೊಂಡು ಇದು ಎರಡನೇ ಮಳೆಗಾಲ. ಮಾವನ ಆ ಅಂಗಿಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಚೂಡಿದಾರದ ಜೇಬನ್ನು ಬಿಚ್ಚಿ ಮಾದರಿಗೆ ಇಟ್ಟುಕೊಂಡು, ಆಮೇಲೆ ಕೊಂಡ ಪ್ರತಿಯೊಂದಕ್ಕೂ ಅದೇ ಅಳತೆಯಲ್ಲಿ ಹೊಲಿಸಿದ್ದೇನೆ.

ನೀವೂ ವರ್ಷಗಳ ಮೇಲೆ ಕೆಲಸಕ್ಕೆ ಹೊರಟಿದ್ದರೆ ಕೇಳಿ. ಒಂದೇ ಜೊತೆ ಕೊಳ್ಳಿ, ಒಂದು ಸಲವಾದರೂ ಅಂಗಡಿಯ ಮೆಟ್ಟಿಲಿಳಿಯದೆ ದುಡ್ಡು ಕೊಡಬೇಡಿ. ಒಳಗಿನಿಂದ ಹೊಲಿಗೆ ನೋಡಿ. ಸೇರುವ ದಿನಕ್ಕೆ ಮುಂಚೆಯೇ ಅದನ್ನು ತೊಟ್ಟು ಮನೆಯಲ್ಲಿ ಬಗ್ಗಿ, ಕೂತು, ಎತ್ತರಕ್ಕೆ ಕೈ ಚಾಚಿ ನೋಡಿ. ಹರಿಯುವುದಿದ್ದರೆ ನಿಮ್ಮ ಅಂಗಳದಲ್ಲೇ ಹರಿಯಲಿ, ಹೊಲಿದುಕೊಂಡು ಹೊರಡಿ.